ಹಿತ್ತಲ ಕೋರ್ಟು ಗುಂಡಗಾದದ್ದು

ಕೀಂಯ್… ಗುಡುಗುಡುಗುಡು… ಕೀಂಯ್…

ಮರದ ಚೌಕಟ್ಟಿನೊಳಗೆ ಕಲ್ಲಿನ ಗುಂಡು ಉರುಳುವ ಸದ್ದು ಅದು. ಅದರ ಮುಂದೆ ಎಂಟು ಹುಡುಗಿಯರ ಕಿಸಿಕಿಸಿ ನಗು, ಹಿಂದೆ ಒಬ್ಬ ಮುದುಕನ ಗದರಿಕೆ. “ಬಲಕ್ಕ, ಬಲಕ್ಕ! ನಗಬ್ಯಾಡ್ರವಾ, ನಕ್ರ ಹಗ್ಗ ಸಡ್ಲ ಆಕ್ಕೈತಿ!” ಮೂರು ಬೇಸಿಗೆಗಳ ಹಿಂದೆ, ಕೊಟ್ಟೂರಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ವಾರವಿಡೀ ಕೇಳಿದ್ದು. ಈಗಲೂ ಎದುರಿನ ಅಂಗಡಿಯವನು ಬೆಳಿಗ್ಗೆ ಶಟರ್ ಎತ್ತಿದರೆ ನಿದ್ದೆಗಣ್ಣಿನಲ್ಲಿ ನನಗೆ ಅದೇ ಅನ್ನಿಸುತ್ತದೆ. ಇಷ್ಟು ಬೇಗ ಬಂದುಬಿಟ್ಟರೇ ಹುಡುಗಿಯರು ಎಂದು ಎದ್ದು ಕೂರುತ್ತೇನೆ.

ಶುರುವಾದದ್ದು ಮೊಮ್ಮಗಳಿಂದ. ಒಂಬತ್ತನೇ ಕ್ಲಾಸು ಮುಗಿಸಿದ್ದಳು, ಶಾಲೆಯ ಟೆನಿಕಾಯಿಟ್ ಟೀಮಿನಲ್ಲಿದ್ದಳು. ರಬ್ಬರಿನ ರಿಂಗನ್ನು ನೆಟ್‌ನ ಮೇಲಿಂದ ಎಸೆಯುವುದು, ಆ ಕಡೆಯವರು ಒಂದೇ ಕೈಯಲ್ಲಿ ಹಿಡಿದು ವಾಪಸ್ಸು ಎಸೆಯುವುದು, ಅಷ್ಟೇ ಆಟ. ನೋಡುವವರಿಗೆ ಬಳೆ ಆಟದ ಹಾಗೆ ಕಾಣುತ್ತದೆ, ಆಡಿದವರ ಭುಜಕ್ಕೆ ಗೊತ್ತು. ಆ ವರ್ಷ ಶಾಲೆಯ ಅಂಕಣದ ಮೇಲೆ ಹೊಸ ಕೋಣೆಗಳು ಎದ್ದವು. ಮಳೆಗಾಲ ಶುರುವಾದ ಮೇಲೆ ಮ್ಯಾಚು, ಪ್ರಾಕ್ಟೀಸಿಗೆ ಜಾಗವಿಲ್ಲ. ಹುಡುಗಿ ಮನೆಯ ಹಾಲಿನಲ್ಲಿ ಒಬ್ಬಳೇ ಗೋಡೆಗೆ ಎಸೆದು ಹಿಡಿಯುತ್ತ, ಮೊದಲ ವಾರದಲ್ಲೇ ಒಂದು ಗಡಿಯಾರ ಮತ್ತು ನಮ್ಮ ಮನೆಯವರ ಕನ್ನಡಕವನ್ನು ಮುಗಿಸಿದಳು.

“ಹಿತ್ತಲ ಖಾಲಿ ಬಿದ್ದೈತಲ್ಲ, ಅಲ್ಲೊಂದು ಕೋರ್ಟ್ ಮಾಡಸಿಬಿಡು,” ಎಂದು ನಾನು ಮಗನಿಗೆ ಹೇಳಿದೆ.

ಹೇಳುವಾಗ ಗ್ರ್ಯಾಂಡ್‌ಮದರ್ ಥರ, ಮೊಮ್ಮಗಳ ಕಾಳಜಿ ಎನ್ನುವ ಹಾಗೆ ಹೇಳಿದ್ದೆ. ಒಳಗಿನ ಮಾತು ಬೇರೆ. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಟೆನಿಕಾಯಿಟ್ ಕ್ಯಾಪ್ಟನ್ ಆಗಿದ್ದವಳು. ಕೆಂಪು ಮಣ್ಣಿನ ಕೋರ್ಟು, ನೀಲಿ ಪ್ಲೀಟ್ಸ್ ಸ್ಕರ್ಟು, ಬಿಳಿ ಕ್ಯಾನ್ವಾಸ್ ಶೂ. ನಾವು ಪಾಯಿಂಟ್ ಗೆದ್ದು ಕಿರುಚಿದರೆ ಗೇಮ್ಸಿನ ಸಿಸ್ಟರ್ ಸೀಟಿ ಊದಿ, “ಗರ್ಲ್ಸ್! ಆರ್ ವಿ ಇನ್ ಎ ಫಿಶ್ ಮಾರ್ಕೆಟ್?” ಎನ್ನುತ್ತಿದ್ದರು. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಮನೆಗೆ ಬಂದಾಗ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಆ ರಬ್ಬರ್ ರಿಂಗನ್ನೂ ಇಟ್ಟುಕೊಂಡು ಬಂದಿದ್ದೆ. ನಮ್ಮ ಅತ್ತೆ ಟ್ರಂಕು ನೋಡಿದರು. ಸೀರೆಗಳನ್ನು ಸುಮ್ಮನೆ ಸರಿಸಿದರು. ರಿಂಗನ್ನು ಮಾತ್ರ ಕೈಗೆತ್ತಿಕೊಂಡು ಒತ್ತಿ, ಎಳೆದು ನೋಡಿ, “ಎಂಥಾ ಚಲೋ ಸಿಂಬಿ ತಂದೀಯವಾ! ನಿನ್ನ ತವರುಮನ್ಯಾಗ ಒಬ್ರಿಗಾದ್ರೂ ಬುದ್ಧಿ ಐತಿ,” ಎಂದರು. ಅಡುಗೆಮನೆಯಲ್ಲಿ ನೀರಿನ ಕೊಡ ಅಲ್ಲಾಡದಂತೆ ಅದನ್ನು ಅಡಿಗಿಟ್ಟರು. ‘ಎಕ್ಸ್‌ಕ್ಯೂಸ್ ಮಿ, ದಟ್ ಈಸ್ ಎ ಟೆನಿಕಾಯಿಟ್ ರಿಂಗ್’ ಎಂಬ ವಾಕ್ಯ ನನ್ನ ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ಹದಿನಾಲ್ಕು ವರ್ಷ ಕೊಡ ಹೊತ್ತು ರಿಂಗು ಹರಿಯಿತು. ವಾಕ್ಯ ಹೊರಗೆ ಬರಲಿಲ್ಲ.

ನನ್ನ ಮಗನದು ಪೈಪು, ನಲ್ಲಿ, ಪಂಪುಗಳ ಅಂಗಡಿ. ಲೋಕದಲ್ಲಿ ಯಾವ ವಸ್ತುವಿಗೂ ಕ್ಯಾಟಲಾಗ್ ಇರುತ್ತದೆ, ಇಲ್ಲದಿದ್ದರೆ ಅದು ವಸ್ತುವೇ ಅಲ್ಲ ಎಂದು ನಂಬಿದವನು. ಮೂರನೇ ದಿನಕ್ಕೆ ದಾವಣಗೆರೆಯ ಯಾವುದೋ ಕಂಪನಿಯ ಕ್ಯಾಟಲಾಗ್ ತಂದು ಊಟದ ಟೇಬಲ್ಲಿನ ಮೇಲೆ ಬಿಡಿಸಿದ. ಹಸಿರು, ನೀಲಿ, ಕೆಂಪು ಬಣ್ಣದ ಅಂಕಣಗಳು.

“ಆ್ಯಕ್ರಿಲಿಕ್, ಅವ್ವ. ಎಂಟು ಲೇಯರ್. ಕೆಳಗ ಕಾಂಕ್ರೀಟು.”

“ಟೆನಿಕಾಯಿಟ್ ಮಣ್ಣಿನ ಮ್ಯಾಲೆ ಆಡ್ಬೇಕಪ್ಪ. ಕಾಂಕ್ರೀಟಿನ ಮ್ಯಾಲೆ ಬಿದ್ರ ಮೊಣಕಾಲಿನ ಗತಿ? ಮತ್ತ ನಮ್ಮ ಬಿಸಲಿಗೆ ಇದರ ಮ್ಯಾಲೆ ರೊಟ್ಟಿ ಬೇಯತಾವು.”

ನಮ್ಮ ಮನೆಯವರು ಪೇಪರಿನ ಹಿಂದಿನಿಂದ, “ಹಂಗಾದ್ರ ಹಾಕಸು. ಗ್ಯಾಸ್ ಉಳೀತೈತಿ,” ಎಂದರು.

ಅಪ್ಪ ಮಗ ಇಬ್ಬರೂ ನಕ್ಕರು. ನನ್ನ ಮಣ್ಣಿನ ಕೋರ್ಟು ಅಲ್ಲಿಗೇ ಮುಗಿಯುತ್ತಿತ್ತೋ ಏನೋ, ಅದೇ ಹೊತ್ತಿಗೆ ಕೋಗಳಿಯಿಂದ ಅಜ್ಜ ಬಂದ.

ಕೋಗಳಿ ಕಡೆ ನಮ್ಮ ಹೊಲ. ಅಲ್ಲಿ ಪ್ರತಿ ಸುಗ್ಗಿಗೆ ಜೋಳ ತುಳಿಸಲು ಕಣ ಮಾಡುತ್ತಿದ್ದವನು ಈ ಅಜ್ಜ. ನೆಲ ಕೆರೆದು, ನೆನೆಸಿ, ಮಣ್ಣು ಹೊಟ್ಟು ಕಲಸಿ ಹಾಸಿ, ರೋಣಗಲ್ಲು ಉರುಳಿಸಿ, ಸಗಣಿ ಸಾರಿಸಿದನೆಂದರೆ ಒಂದು ಕಾಳು ಮಣ್ಣಿಗೆ ಹೋಗದ ಹಾಗೆ, ಕನ್ನಡಿಯ ಹಾಗೆ ನೆಲ ಏಳುತ್ತಿತ್ತು. ಸುತ್ತಲ ಊರಿನವರೆಲ್ಲ ಕರೆದೊಯ್ಯುತ್ತಿದ್ದರು. ಆಮೇಲೆ ಮಷಿನ್ನು ಬಂತು. ಹೊಲದಲ್ಲೇ ಕಾಳು, ಹೊಲದಲ್ಲೇ ಚೀಲ. ಅಜ್ಜನನ್ನು ಯಾರೂ ಕರೆಯದೆ ಎಷ್ಟೋ ವರ್ಷವಾಗಿತ್ತು. ಬೇಸಿಗೆಗೊಮ್ಮೆ ನಮಗೆ ಒಂದು ಗಂಟು ಹುಣಸೆಹಣ್ಣು ತಂದುಕೊಟ್ಟು, ಚಹಾ ಕುಡಿದು ಹೋಗುತ್ತಿದ್ದ.

ಚಹಾ ಕುಡಿಯುತ್ತ ನಮ್ಮ ಜಗಳ ಕೇಳಿಸಿಕೊಂಡ. ಬಟ್ಟಲು ಕೆಳಗಿಟ್ಟ.

“ನೆಲ ಮಾಡೋದೈತೇನ್ರಿ ಅವ್ವಾರ?”

“ಹೌದಜ್ಜ. ಹುಡುಗ್ಯಾರು ಆಡಾಕ.”

“ನಾ ಮಾಡ್ತೀನ್ರಿ.”

ನನ್ನ ಮಗ ನಕ್ಕ. “ಅಜ್ಜ, ಇದು ಜ್ವಾಳ ತುಳ್ಸೋ ಕೆಲ್ಸ ಅಲ್ಲ.”

“ಹುಡುಗ್ಯಾರು ತುಳೀತಾರಲ್ರಿ. ಜ್ವಾಳಕ್ಕಿಂತ ಹಗುರ.” ಆಮೇಲೆ ಅಜ್ಜ ನನ್ನ ಕಡೆ ತಿರುಗಿ, ಧ್ವನಿ ಇಳಿಸಿ ಹೇಳಿದ: “ಮನ್ಯಾಗ ನನಗ ಕೋಳಿ ಕಾಯಾಕ ಕುಂದರ್ಸ್ಯಾರ್ರಿ ಅವ್ವಾರ. ಅಂಗಳಕ್ಕ ಸಿಮಿಟಿ ಹಾಕಿಸ್ಯಾನ ನನ್ನ ಮಗ, ‘ನೀ ಮುಟ್ಟಬ್ಯಾಡ, ನಿನ್ನ ಕೈ ಹೋಗೇತಿ’ ಅಂತಾನ. ಕೋಳಿನೂ ನನ್ನ ಮಾತು ಕೇಳಂಗಿಲ್ಲ.”

ನನಗೆ ಮಣ್ಣಿನ ಕೋರ್ಟು ಬೇಕಿತ್ತು. ಅಜ್ಜನಿಗೆ ಕೈ ಹೋಗಿಲ್ಲ ಎಂದು ತೋರಿಸಬೇಕಿತ್ತು. ಇಬ್ಬರೂ ಒಂದೇ ಕಡೆಗೆ ಸೇರಿಬಿಟ್ಟೆವು. ನನ್ನ ಮಗ ವ್ಯಾಪಾರಸ್ಥ, ಎರಡು ಕಡೆಯವರಿಗೂ ಒಪ್ಪುವ ಕಂಡಿಷನ್ ಹಾಕಿದ. ಅಜ್ಜ ನೆಲ ಮಾಡಲಿ. ಮೊದಲ ಮಳೆ ಬರಲಿ. ನೀರು ನಿಂತರೆ ಅಜ್ಜನ ನೆಲ ಕಿತ್ತು ಆ್ಯಕ್ರಿಲಿಕ್. ನಿಲ್ಲದಿದ್ದರೆ ಕ್ಯಾಟಲಾಗ್ ವಾಪಸ್.

“ನೀರು ನಿಂತ್ರ ನಾ ಇನ್ಮ್ಯಾಗ ನೆಲಾನ ಮುಟ್ಟಂಗಿಲ್ರಿ ಸಣ್ಣ ಸಾವ್ಕಾರ್ರ. ಕೋಳಿ ಕಾಯ್ತೀನಿ,” ಎಂದ ಅಜ್ಜ.

ಮಾರನೇ ದಿನವೇ ಗುದ್ದಲಿ ಹಿಡಿದ. ಮಗ ಮೊಬೈಲಿನಲ್ಲಿ ಲೆವೆಲ್ ನೋಡುವ ಆ್ಯಪ್ ಹಾಕಿಕೊಂಡು, ನೆಲದ ಮೇಲೆ ಫೋನಿಟ್ಟು ಗುಳ್ಳೆ ನೋಡುತ್ತ ಕೂತ. ಅಜ್ಜ ಬರಿಗಾಲಲ್ಲಿ, ಆಕಾಶ ನೋಡುತ್ತ, ಹೆಜ್ಜೆಗೆ ಹೆಜ್ಜೆ ಹಚ್ಚಿ ನಡೆದ. ಕಾಲಿಗೆ ತಗ್ಗು ಸಿಕ್ಕಲ್ಲಿ ನಿಲ್ಲುತ್ತಿದ್ದ. “ಇಲ್ಲಿ ಒಂದು ಬುಟ್ಟಿ ಹಾಕ್ರಿ.” ಮಗನ ಫೋನು ಅಲ್ಲಿ ಸರಿಯಾಗಿದೆ ಎನ್ನುತ್ತಿತ್ತು. ಅಜ್ಜ ಫೋನನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಕೊಟ್ಟು, “ಇದಕ್ಕ ಕಾಲಿಲ್ಲಲ್ರಿ,” ಎಂದ.

ನಾನು ಅಳತೆ ಹೇಳಿದೆ. ನಲವತ್ತಡಿ ಉದ್ದ, ಹದಿನೆಂಟಡಿ ಅಗಲ. ನಾಲ್ಕು ಮೂಲೆಗೆ ಗೂಟ ಹೊಡೆಸಿ ದಾರ ಕಟ್ಟಿಸಿದೆ. ಮಧ್ಯಕ್ಕೆ ಕಂಬ, ಅದಕ್ಕೆ ಬಲೆ ಎಂದು ಕೈಯಾಡಿಸಿ ತೋರಿಸಿದೆ. ಅಜ್ಜ ಎಲ್ಲದಕ್ಕೂ “ಹೂಂನ್ರಿ, ಹೂಂನ್ರಿ,” ಎಂದ. ಹಗರಿಬೊಮ್ಮನಹಳ್ಳಿಯಲ್ಲಿ ಬೀಗರ ಮದುವೆ ಇತ್ತು, ಮನೆಮಂದಿಯೆಲ್ಲ ಎರಡು ದಿನ ಹೋದೆವು.

ಬಂದು ಹಿತ್ತಲ ಬಾಗಿಲು ತೆರೆದರೆ ಎದುರಿಗೆ ಒಂದು ಭಾರೀ ತಟ್ಟೆ.

ಗುಂಡಗೆ. ಕಂಪಾಸಿನಲ್ಲಿ ಎಳೆದ ಹಾಗೆ. ಮಣ್ಣು ಹಾಸಿ, ಸುತ್ತ ಅಂಚು ಕಟ್ಟಿ, ಸರಿಯಾಗಿ ನಡುಮಧ್ಯೆ ಒಂದು ದಪ್ಪ ಕಂಬ ನೆಟ್ಟು, ಅದರ ತುದಿಗೆ ಬೇವಿನ ಸೊಪ್ಪು ಕಟ್ಟಿ, ಬುಡಕ್ಕೆ ವಿಭೂತಿ ಹಚ್ಚಿದ್ದ. ನನ್ನ ಗೂಟ, ದಾರ ಎಲ್ಲ ಒಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದವು.

“ಅಜ್ಜ,” ಎಂದೆ. “ಇದು ಗುಂಡಗೈತಲ್ಲ.”

“ಮತ್ತ? ಕಣ ಗುಂಡಗ ಇರದ ಚೌಕ ಇರ್ತೈತೇನ್ರಿ ಅವ್ವಾರ?”

“ನಾ ದಾರ ಕಟ್ಟಿಸಿದ್ದೆ!”

“ಹೂಂನ್ರಿ, ಹೆಂಗ್ಸರು ಅಂದಾಜಿಗೆ ಕಟ್ಟ್ಯಾರ ಅಂದ್ಕೊಂಡೆ. ಮೂಲಿ ಇಟ್ರ ಕಲ್ಲು ತಿರಗೋದು ಹೆಂಗ್ರಿ? ಮೂಲ್ಯಾಗಿನ ನೆಲ ಹಸೀನ ಉಳೀತೈತಿ.”

ಮಗ ಕಂಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇದೇನು?” ಎಂದ.

“ಮೇಟಿ.”

ಕಣದ ನಡುವೆ ಮೇಟಿ ನೆಡುವುದು, ಅದಕ್ಕೆ ಎತ್ತು ಕಟ್ಟಿ ಸುತ್ತ ಹೊಡೆಯುವುದು. ಅಜ್ಜ ಆಯುಷ್ಯವಿಡೀ ನೆಟ್ಟದ್ದು ಒಂದೇ ಕಂಬ, ಅದೂ ನಡುವೆಯೇ. ಎರಡು ಕಂಬ ಬೇಕಾಗಬಹುದು ಎಂಬ ವಿಚಾರ ಆ ತಲೆಯೊಳಗೆ ಹೋಗುವ ದಾರಿಯೇ ಇರಲಿಲ್ಲ.

“ಹುಡುಗ್ಯಾರನ್ನ ಇದಕ್ಕ ಕಟ್ತೀಯೇನು?” ಎಂದ ಮಗ.

ನಮ್ಮ ಮನೆಯವರು ಈಸಿಚೇರಿನಿಂದಲೇ ಗಂಭೀರವಾಗಿ, “ಇರಲಿ ಬಿಡು, ನಡುವೊಂದು ಕಂಬ ಇದ್ರ ನೆಟ್ ಜೋತು ಬೀಳಂಗಿಲ್ಲ,” ಎಂದರು.

ಮಗ ಫೋನ್ ತೆಗೆದು ದಾವಣಗೆರೆಯ ನಂಬರ್ ಹುಡುಕುತ್ತಿದ್ದ. ಅಜ್ಜನ ಮುಖ ನೋಡಿದೆ. ಬೈಸಿಕೊಂಡದ್ದಕ್ಕೆ ಬೇಜಾರಿಲ್ಲ, ಯಾಕೆ ಬೈಯುತ್ತಿದ್ದಾರೆಂದೇ ತಿಳಿಯುತ್ತಿಲ್ಲ. ಆಗ ನಮ್ಮನ್ನು ಕಾಪಾಡಿದ್ದು ಮೊಮ್ಮಗಳ ಒಂಬತ್ತನೇ ಕ್ಲಾಸಿನ ಗಣಿತ.

“ಅಜ್ಜ, ನಡುವಿಂದ ಅಂಚಿಗೆ ಎಷ್ಟು?”

“ನಾಕು ಮಾರು, ನನ್ನವ್ವ.” ಎರಡೂ ಕೈ ಚಾಚಿ ತೋರಿಸಿದ.

ಅವಳು ಟೇಪು ಹಿಡಿದಳು. ಇಪ್ಪತ್ನಾಲ್ಕು ಅಡಿ. ಮಣ್ಣಿನ ಮೇಲೆ ಕಡ್ಡಿಯಿಂದ ಬರೆದಳು. ನಲವತ್ತರ ವರ್ಗ, ಹದಿನೆಂಟರ ವರ್ಗ, ಕೂಡಿಸಿದ್ದು, ವರ್ಗಮೂಲ. “ಕೋರ್ಟಿನ ಮೂಲೆಯಿಂದ ಮೂಲೆಗೆ ನಲವತ್ನಾಲ್ಕರ ಒಳಗ ಬರ್ತೈತಿ. ಅಜ್ಜನ ಸರ್ಕಲ್ ನಲವತ್ತೆಂಟು. ಒಳಗ ಕೂಡ್ತೈತಪ್ಪಾ! ಸುಣ್ಣದಾಗ ಗೆರಿ ಎಳದ್ರ ಮುಗೀತು.”

ಹಾಗಾಗಿ ನಮ್ಮದು ದುಂಡು ನೆಲದೊಳಗಿನ ಚೌಕ ಕೋರ್ಟಾಯಿತು. ಮೇಟಿ ಕೀಳಲು ಮಾತ್ರ ಅಜ್ಜ ಅರ್ಧ ದಿನ ತೆಗೆದುಕೊಂಡ. ಹಾಲು ಹಾಕಿ, ತಪ್ಪಾಯಿತೆಂದು ಕೇಳಿಕೊಂಡು, ತಾನೇ ತೋಡಿ ಎತ್ತಿ, ತಾನೇ ಕುಣಿ ತುಂಬಿ ಬಡಿದ. ಆಮೇಲೆ ಎರಡು ಪಕ್ಕಕ್ಕೆ ಎರಡು ಕಬ್ಬಿಣದ ಕಂಬ ಬಂದವು. ಅಜ್ಜ ಅವುಗಳಿಗೆ ವಿಭೂತಿ ಹಚ್ಚಲಿಲ್ಲ.

ಇನ್ನು ಕಲ್ಲು ಉರುಳಬೇಕಿತ್ತು. ಹೊಲದಿಂದ ರೋಣಗಲ್ಲು ಟೆಂಪೋದಲ್ಲಿ ಬಂತು, ಮನೆಯ ಪಕ್ಕದ ಓಣಿಯಲ್ಲಿ ಉರುಳಿಕೊಂಡು ಒಳಗೂ ಬಂತು. ಎತ್ತುಗಳು ಬರಲಿಲ್ಲ. ಓಣಿ ಸಣ್ಣದು. ಮೊದಲ ಎತ್ತು ಅರ್ಧ ಬಂದು ನಿಂತು, ಸೊಸೆ ಒಣಹಾಕಿದ್ದ ಬೆಡ್‌ಶೀಟ್ ತಿಂದು, ಹಿಂದಕ್ಕೆ ಹೋಯಿತು. ಆಗ ಮೊಮ್ಮಗಳು ಇಡೀ ಟೀಮನ್ನು ಕರೆತಂದಳು. ಎಂಟು ಹುಡುಗಿಯರು, ಟ್ರ್ಯಾಕ್ ಸೂಟು, ಎರಡು ಜಡೆ. ನೊಗದ ಜಾಗಕ್ಕೆ ಹಗ್ಗ. ಅಜ್ಜ ಹಿಂದಿನಿಂದ ಹಳೆಯ ಅಭ್ಯಾಸದಲ್ಲಿ “ಹೋ… ಹೋ…” ಎನ್ನುತ್ತಿದ್ದ. ಒಬ್ಬ ಹುಡುಗಿ ತಿರುಗಿ, “ಅಜ್ಜ, ನಾವೇನು ಎತ್ತೇನು?” ಎಂದಳು. “ಎತ್ತಾಗಿದ್ರ ಇಷ್ಟೊತ್ತಿಗೆ ಮುಗೀತಿತ್ತವಾ,” ಎಂದ. ಪಿ.ಟಿ. ಮಾಸ್ತರು ನೋಡಲು ಬಂದು, “ಒಳ್ಳೆ ಎಕ್ಸರ್‌ಸೈಜ್,” ಎಂದು ಮೆಚ್ಚಿದರು. ಬೂಟು ಬಿಚ್ಚಿ ಒಳಗೆ ಬರಬೇಕೆಂದು ಅಜ್ಜ ತಾಕೀತು ಮಾಡಿದ. ಮಾಸ್ತರ ಸಾಕ್ಸಿನಲ್ಲಿ ಎರಡೂ ಹೆಬ್ಬೆರಳು ಹೊರಗಿದ್ದದ್ದನ್ನು ಎಂಟು ಹುಡುಗಿಯರೂ ನೋಡಿದರು. ಆ ವಾರ ಎಳೆತ ನಿಧಾನವಾಯಿತು, ನಗು ಜಾಸ್ತಿಯಾಯಿತು.

ಸಾರಿಸಿ ಒಣಗಿದ ಮೇಲೆ ನೆಲ ಎಷ್ಟು ಚೆಂದ ಬಂತೆಂದರೆ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಬಂದವರು ಬರಿಗೈಯಲ್ಲಿ ಬರಲಿಲ್ಲ. “ಅಕ್ಕಾರ, ಒಂದೀಟು ಮೆಣಸಿನಕಾಯಿ ಒಣಗಸ್ತೀವ್ರಿ.” “ಅತ್ತಿ, ನಿಮ್ಮ ಕಣದಾಗ ನಮ್ದೂ ನಾಕು ಸಂಡಿಗಿ.” ನನ್ನ ಸೊಸೆ ಯಾರಿಗೂ ಇಲ್ಲವೆನ್ನಲಾರದವಳು. ಜೊತೆಗೆ ತನ್ನದೂ ಹಪ್ಪಳ ಇತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಕೋರ್ಟಿನ ಒಂದು ಅರ್ಧ ಕೆಂಪು, ಇನ್ನೊಂದು ಅರ್ಧ ಬಿಳಿ. ಹುಡುಗಿಯರು ಬೆಳಗಿನ ಜಾವ, ಸಂಜೆ ಆಡುತ್ತಿದ್ದರು. ಆದರೂ ಮೆಣಸಿನ ಘಾಟು ನೆಲದಲ್ಲೇ ಉಳಿದಿರುತ್ತಿತ್ತು, ಸರ್ವಿಸ್‌ಗೊಂದು ಸೀನು. ಎದುರಿನ ಟೀಮಿಗೆ ಅಭ್ಯಾಸವಿಲ್ಲವಲ್ಲ, ಇದೇ ನಮ್ಮ ಸೀಕ್ರೆಟ್ ವೆಪನ್ ಎಂದು ಮೊಮ್ಮಗಳು ಹೇಳುತ್ತಿದ್ದಳು.

ಈ ನಡುವೆ ದಾವಣಗೆರೆಯ ಕಂಪನಿಯಿಂದ ಒಬ್ಬ ಎಳೆಯ ಇಂಜಿನಿಯರ್ ಲೇಸರ್ ಯಂತ್ರ ಹಿಡಿದು ಬಂದ. ಮಗ ಕರೆಸಿದ್ದ, ಮಳೆಗೆ ಮುಂಚೆ ಎಲ್ಲ ರೆಡಿ ಇರಲೆಂದು. ಕೆಂಪು ಬೆಳಕು ಬಿಟ್ಟು ನೋಡಿ, “ಸಾರ್, ಇದು ಲೆವೆಲ್ ಇಲ್ಲ. ನಡುವೆ ಉಬ್ಬೈತೆ, ಆ ಮೂಲೆ ಕಡಿಗೆ ಇಳಿಜಾರೈತೆ,” ಎಂದ. ಮಗ ಗೆದ್ದವನಂತೆ ಅಜ್ಜನ ಕಡೆ ನೋಡಿದ.

“ಇಳಿಜಾರು ಇಲ್ದಿದ್ರ ನೀರು ಎಲ್ಲಿಗೆ ಹೋಗ್ಬೇಕಪ್ಪಾ, ನಿನ್ನ ಬೂಟಿನ್ಯಾಗ?” ಎಂದ ಅಜ್ಜ. “ಬೂಟು ಬಿಚ್ಚು ಮೊದಲ.”

ಹುಡುಗ ಬೂಟು ಬಿಚ್ಚಿದ. ಹೋಗುವಾಗ ಸೊಸೆ ಕೊಟ್ಟ ಒಂದು ಡಬ್ಬಿ ಸಂಡಿಗೆಯನ್ನೂ ತೆಗೆದುಕೊಂಡು ಹೋದ.

ಒಂದು ಸಂಜೆ ಹುಡುಗಿಯರು ನನ್ನನ್ನೂ ಎಳೆದರು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಐವತ್ತು ವರ್ಷವಾಗಿತ್ತು ರಿಂಗು ಹಿಡಿದು. ಬರಿಗಾಲಿಗೆ ಆ ನೆಲ ತಣ್ಣಗೆ, ನುಣುಪಾಗಿ ಸಿಕ್ಕಿತು. ಮೊದಲ ಸರ್ವಿಸ್ ನೆಟ್‌ಗೆ ಹೋಯಿತು. ಎರಡನೆಯದು ಈಸಿಚೇರಿಗೆ. “ನಾನು ಯಾವ ಟೀಮಿನಾಗ ಅದೀನಿ?” ಎಂದರು ನಮ್ಮ ಮನೆಯವರು. ಮೂರನೆಯದು ಭುಜದಿಂದ ತಾನಾಗಿಯೇ ಹೊರಟು, ತಿರುಗುತ್ತ, ನೆಟ್ ದಾಟಿ ಮೊಮ್ಮಗಳ ಕೈಗೆ ಸಿಗದೆ ಧಪ್ಪೆಂದು ಬಿತ್ತು. ನಾನು ಕಿರುಚಿದೆ. ಫಿಶ್ ಮಾರ್ಕೆಟ್ಟಿನ ಹಾಗೆಯೇ.

ಅಜ್ಜ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಸ್ಕೋರ್ ಹಿಡಿದಿದ್ದ. “ಲಾಭ!” ಎಂದ. ಕಣದಲ್ಲಿ ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅದು ಸರಿ. ತೊಂದರೆ ಬಂದದ್ದು, ಅವನು ಎರಡೂ ಕಡೆಯ ಪಾಯಿಂಟನ್ನು ಒಟ್ಟಿಗೇ ಎಣಿಸುತ್ತಿದ್ದದ್ದರಿಂದ.

“ಹದಿನೇಳು!”

“ಯಾರಿಗಜ್ಜ ಹದಿನೇಳು?”

“ಯಾರಿಗಂದ್ರ? ಒಂದ ಕಣ, ಒಂದ ರಾಶಿ. ನಿಂದು ಬ್ಯಾರೆ, ನಂದು ಬ್ಯಾರೆ ಅಂತ ಕಣದಾಗ ಯಾರಾದ್ರೂ ಅಳೀತಾರೇನವಾ?”

ಆ ಮ್ಯಾಚಿನಲ್ಲಿ ಯಾರು ಗೆದ್ದರೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ನನಗೆ ಮೂರು ದಿನ ಸೊಂಟ ನೋವು. ಇಷ್ಟು ಸುಖದ ನೋವು ನನಗೆ ಬೇರೆ ಬಂದದ್ದಿಲ್ಲ. ಅಜ್ಜ ರಿಂಗಿನ ಕಡೆ ಒಮ್ಮೆಯೂ ಕತ್ತು ತಿರುಗಿಸದೆ, ಎದುರಿಗೆ ಸುಮ್ಮನೆ ನೋಡುತ್ತ, ಅದು ಬಿದ್ದ ಸದ್ದಿಗೆ ಎಣಿಸುತ್ತಿದ್ದ. ಅದನ್ನು ಆಗಲೇ ಗಮನಿಸಬೇಕಿತ್ತು ನಾನು.

ಮಳೆ ಬಂದದ್ದು ಮಧ್ಯಾಹ್ನ ನಾಲ್ಕಕ್ಕೆ. ಅಜ್ಜ ಅಂದು ಊರಿಗೆ ಹೋಗಿದ್ದ, ಮಾರನೇ ಬೆಳಿಗ್ಗೆ ಬರುವವನಿದ್ದ. ಮೊದಲು ಧೂಳು, ಆಮೇಲೆ ಗಾಳಿ, ಆಮೇಲೆ ಓಣಿಯ ಎಲ್ಲ ಹೆಂಗಸರು ಒಮ್ಮೆಗೇ ನಮ್ಮ ಹಿತ್ತಲಿಗೆ. ಯಾರ ಮೆಣಸಿನಕಾಯಿ ಯಾರ ಬುಟ್ಟಿಗೆ ಹೋಯಿತೋ. ಹನಿ ಬಿದ್ದಾಗ ಎಲ್ಲರೂ ಪಡಸಾಲೆಯಲ್ಲಿ ನಿಂತಿದ್ದೆವು. ಮಗ ಅಂಗಡಿ ಬಿಟ್ಟು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ನೀರು ನೆಲದ ನಡುವೆ ಬಿದ್ದು, ಸುತ್ತಲೂ ತೆಳ್ಳಗೆ ಹರಡಿ, ಇಳಿಜಾರಿನ ಕಡೆಗೆ ಜಾರಿ, ಅಂಚಿನ ಬಾಯಿಂದ ಹೊರಗೆ ಹೋಯಿತು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಪಕ್ಕದ ಗೋಡೆಯ ಕಡೆಯಿಂದ ಧೋ ಎಂಬ ಸದ್ದು. ಪಕ್ಕದ ಮನೆಯವರು ಆ ವರ್ಷ ಮೇಲಂತಸ್ತು ಕಟ್ಟಿದ್ದರು. ಮಾಳಿಗೆಯ ನೀರಿಗೆ ಒಂದು ಪೈಪು ಬಿಟ್ಟಿದ್ದರು. ಅದರ ಬಾಯಿ ನಮ್ಮ ಕಡೆಗಿತ್ತು. ಇಡೀ ಮಾಳಿಗೆಯ ನೀರು ಒಂದೇ ಧಾರೆಯಾಗಿ ಅಜ್ಜನ ನೆಲದ ಅಂಚಿಗೆ ಗುದ್ದಿತು. ಅರ್ಧ ಗಂಟೆಗೆ ಅಲ್ಲಿ ಎಮ್ಮೆ ಮಲಗುವಷ್ಟು ಗುಂಡಿ. ಮಳೆ ನಿಂತಿತು. ಗುಂಡಿಯಲ್ಲಿ ನೀರು ನಿಂತಿತ್ತು.

“ನಿಂತೈತಿ,” ಎಂದೆ ನಾನು. ಯಾರಾದರೂ ಹೇಳಲೇಬೇಕಿತ್ತು.

ಮಗ ಆ ಪೈಪನ್ನು ಬಹಳ ಹೊತ್ತು ನೋಡಿದ. ಅದು ಅವನ ಅಂಗಡಿಯದೇ.

ಮಾರನೇ ಬೆಳಿಗ್ಗೆ ಹಿತ್ತಲಲ್ಲಿ ಏಣಿಯ ಸದ್ದು, ಪಕ್ಕದ ಮನೆಯವರ ಬೈಗುಳ. ಹೋಗಿ ನೋಡಿದರೆ ಮಗ ಆಗಲೇ ಪೈಪಿಗೊಂದು ಎಲ್ಬೋ ಹಾಕಿ, ಬಾಯನ್ನು ಅವರ ಚರಂಡಿಗೇ ತಿರುಗಿಸಿ, ಕೆಳಗಿಳಿದಿದ್ದ. ಲುಂಗಿ ಮೇಲೆ ಕಟ್ಟಿ, ಮೊಣಕಾಲೂರಿ, ಗುಂಡಿಗೆ ಮಣ್ಣು ತುಂಬಿ, ಮೊಣಕೈವರೆಗೆ ಸಗಣಿ ಮಾಡಿಕೊಂಡು ಸಾರಿಸುತ್ತಿದ್ದ. ನಲವತ್ತೈದು ವರ್ಷದಲ್ಲಿ ನನ್ನ ಮಗ ಸಗಣಿ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

“ಏನಪ್ಪಾ ಇದು?”

“ಸುಮ್ನಿರವ್ವ. ಅಜ್ಜ ಬರೋ ಹೊತ್ತಾತು.”

ಅಜ್ಜ ಬಂದ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಎಂದಿನ ಹಾಗೆ ಹೆಜ್ಜೆಗೆ ಹೆಜ್ಜೆ ಹಚ್ಚಿ ನಡುವಿನಿಂದ ಅಂಚಿಗೆ, ಅಂಚಿನಿಂದ ಸುತ್ತ ನಡೆದ. ಗೋಡೆಯ ಹತ್ತಿರ ಬಂದು ನಿಂತ. ಹೆಬ್ಬೆರಳಿನಿಂದ ಎರಡು ಸಲ ಒತ್ತಿದ.

“ಇಲ್ಲಿ ಬ್ಯಾರೆ ಕೈ ಐತಿ.”

ಮಗ ಕೈಯನ್ನು ಲುಂಗಿಗೆ ಒರೆಸಿಕೊಂಡ.

“ನೀರು ನಿಂತಿತ್ತೇನ್ರಿ ಸಣ್ಣ ಸಾವ್ಕಾರ್ರ?”

“ಇಲ್ರೀ ಅಜ್ಜ,” ಎಂದ ನನ್ನ ಮಗ. “ಒಂದು ಹನಿ ನಿಂತಿ‌ಲ್ರಿ.” ಅವನು ಅಜ್ಜನಿಗೆ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು.

“ಮತ್ತ ಸಗಣಿ ವಾಸನಿ ಹೊಡೀತೈತಲ್ಲ ನಿಮ್ಮ ಮೈ?”

ನಮ್ಮ ಮನೆಯವರು ಈಸಿಚೇರಿನಿಂದ, “ಅವಂಗ ಎದ್ದ ಕೂಡ್ಲೆ ಸಗಣಿ ಮುಟ್ಟೋ ರೂಢಿ ಐತಿ. ಸಣ್ಣವನಿದ್ದಾಗಿಂದ,” ಎಂದರು.

ಅಜ್ಜ ನಗಲಿಲ್ಲ. ನಿಧಾನವಾಗಿ ಕೆಳಗೆ ಕೂತು, ಆ ಜಾಗವನ್ನು ಅಂಗೈಯಿಂದ ಸವರಿದ. “ಸಗಣಿ ಹೆಚ್ಚಾಗೈತಿ, ಮಣ್ಣು ಕಮ್ಮಿ. ಕುಂದರ್ರಿ ಇಲ್ಲಿ, ತೋರಸ್ತೀನಿ.” ನನ್ನ ಮಗ ಕೂತ. ಇಬ್ಬರೂ ಕಿತ್ತು ಮತ್ತೆ ಹಾಕಿದರು. ಅಜ್ಜ ಅವನ ಮಣಿಕಟ್ಟು ಹಿಡಿದು, ಅಂಗೈ ಹೇಗೆ ತಿರುಗಬೇಕೆಂದು ಸಣ್ಣ ಹುಡುಗನಿಗೆ ತಿದ್ದಿಸುವ ಹಾಗೆ ತಿರುಗಿಸಿದ. ಮುಗಿದ ಮೇಲೆ ನಾನು ಕೈಗೆ ನೀರು ಹಾಕುವಾಗ, ನನಗೊಬ್ಬಳಿಗೇ ಕೇಳುವ ಹಾಗೆ ಕೇಳಿದ.

“ಮ್ಯಾಲಿಂದ ಬಿತ್ತೇನ್ರಿ ಅವ್ವಾರ, ನೀರು?”

“ಹೌದಜ್ಜ. ಪಕ್ಕದ ಮನಿ ಪೈಪು.”

“ಹೂಂನ್ರಿ.” ಬೆರಳ ಸಂದಿಯ ಮಣ್ಣು ತೊಳೆದು, “ಕಾಲಿಗೆ ಸಿಕ್ಕಿದ್ದಷ್ಟ ನೋಡ್ದೆ,” ಎಂದ.

ಕ್ಯಾಟಲಾಗ್ ವಾಪಸ್ ಹೋಯಿತು. ನೆಲ ಉಳಿಯಿತು. ಆ ವರ್ಷ ನಮ್ಮ ಹುಡುಗಿಯರು ತಾಲೂಕಿನಲ್ಲಿ ಗೆದ್ದು, ಮುಂದಿನ ಸುತ್ತಿನಲ್ಲಿ ಹಡಗಲಿಯ ಹುಡುಗಿಯರ ಕೈಯಲ್ಲಿ ಚೆನ್ನಾಗಿ ಸೋತು ಬಂದರು. ಹಡಗಲಿಯವರಿಗೆ ಸೀನು ಬರಲೇ ಇಲ್ಲ ಎಂದು ಮೊಮ್ಮಗಳಿಗೆ ಬಹಳ ದಿನ ಸಿಟ್ಟಿತ್ತು. ಅಜ್ಜ ಅದನ್ನೆಲ್ಲ ಕೇಳಲಿಲ್ಲ. ಅದಕ್ಕೂ ಮೊದಲೇ, ಜ್ವರವೆಂದು ಮಲಗಿದವನು ನಾಲ್ಕು ದಿನದಲ್ಲಿ ಹೋದ ಎಂದು ಕೋಗಳಿಯಿಂದ ಸುದ್ದಿ ಬಂದಿತ್ತು.

ಅವನನ್ನು ನಾನು ಕೊನೆಯ ಸಲ ನೋಡಿದ್ದು ಆ ಗುಂಡಿ ಮುಚ್ಚಿದ ದಿನವೇ, ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ. ಕಣ್ಣಿನ ಆಸ್ಪತ್ರೆಗೆ ಹೋಗೋಣ ಬಾ ಎಂದೆ. ಸುಗ್ಗಿ ಆಗಲಿ ಎಂದ. ಯಾವ ಸುಗ್ಗಿಯೋ. ಮಗ ಕಾರಿನಲ್ಲಿ ಬಿಡುತ್ತೇನೆಂದರೂ ಕೇಳದೆ ಬಸ್ಸೇ ಬೇಕೆಂದ. ನಾನೂ ಮೊಮ್ಮಗಳೂ ಕಳಿಸಲು ಹೋದೆವು. ಕಿಟಕಿಯ ಪಕ್ಕ ಕೂತ. ನಾನು ಪ್ಲಾಟ್‌ಫಾರ್ಮಿನಲ್ಲಿದ್ದೆ, ನನ್ನಿಂದ ನಾಲ್ಕು ಹೆಜ್ಜೆ ಆಚೆ ಹಸಿರು ಸೀರೆಯ ಒಬ್ಬ ಹೆಂಗಸು ಸೌತೆಕಾಯಿ ಮಾರುತ್ತ ನಿಂತಿದ್ದಳು. ನನ್ನ ಸೀರೆಯೂ ಅಂದು ಹಸಿರೇ. ಬಸ್ಸು ಸ್ಟಾರ್ಟ್ ಆದಾಗ ಅಜ್ಜ ಕಿಟಕಿಯಿಂದ ಕೈ ಹೊರಗೆ ಹಾಕಿ, ಅವಳನ್ನೇ ನೋಡುತ್ತ, ದೊಡ್ಡ ದನಿಯಲ್ಲಿ ಹೇಳಿದ.

“ಅವ್ವಾರ, ಎರಡು ದಿನ ಯಾರ್ನೂ ಬಿಡಬ್ಯಾಡ್ರಿ ಅಲ್ಲಿ! ಹಸೀ ಐತಿ! ಚಲೋತ್ನಾಗ ಒಣಗ್ಲಿ!”

ಅವಳು ಒಮ್ಮೆ ಸೌತೆಕಾಯಿಯ ಬುಟ್ಟಿ ನೋಡಿದಳು, ಒಮ್ಮೆ ಅಜ್ಜನನ್ನು ನೋಡಿದಳು. ಮೊಮ್ಮಗಳು ಬಾಯಿ ತೆರೆಯುವವಳಿದ್ದಳು, ನಾನು ಅವಳ ಕೈ ಹಿಡಿದೆ.

“ಆತು ಯಜ್ಜಾ, ಬಿಡಂಗಿಲ್ಲ, ನೀ ಹುಷಾರಾಗಿ ಹೋಗು,” ಎಂದಳು ಆ ಹೆಂಗಸು.

ಅಜ್ಜ ಸಮಾಧಾನವಾಗಿ ಕೈ ಒಳಗೆ ತೆಗೆದುಕೊಂಡ. ಬಸ್ಸು ತಿರುಗಿತು.